ಆರ್‌ಸಿ (ರಿಮೋಟ್ ಹಿಡಿದು ಹಾರಿಸುವ) ಪುಟ್ಟ ವಿಮಾನ ಬಿದ್ದಾಗಲೆಲ್ಲ ಬಾಲ ಮುರಿಯುತ್ತಿದೆ. ಪ್ಲೈವುಡ್ ಹಾಕಲಾ, ಕಾರ್ಬನ್ ರಾಡ್ ಹಾಕಲಾ?

ಎರಡೂ ಬೇಡ. ಪ್ಲೈವುಡ್ ತಂದಾಗಿದ್ದರೆ ಪಕ್ಕಕ್ಕಿಡಿ, ಆಮೇಲೆ ಬೇರೆ ಕಡೆ ಬೇಕಾಗುತ್ತದೆ.

ಮೂರು ಸಲ ಬಿತ್ತು, ಮೂರು ಸಲವೂ ಬಾಲವೇ ಹೋಯಿತು ಅಂದಿದ್ದೀರಿ. ನನ್ನದೂ ಇದೇ ಕಥೆ. ಕಲಬುರಗಿಯಿಂದ ಆಳಂದ ರಸ್ತೆಯಲ್ಲಿ ಪರಿಚಯದ ಕಾಕಾ ಒಬ್ಬರ ಹೊಲ ಇದೆ. ತೊಗರಿ ರಾಶಿ ಮುಗಿದ ಮೇಲೆ ಅಲ್ಲೇ ಹಾರಿಸುತ್ತೇನೆ. ಸೇಡಂ ರಸ್ತೆ ಕಡೆ ವಿಮಾನ ನಿಲ್ದಾಣ ಇರುವುದರಿಂದ ಆ ದಿಕ್ಕಿಗೆ ಹೋಗುವುದೇ ಇಲ್ಲ. (ನೀವು ಬೀದರ್‌ನವರು. ಅಲ್ಲಿ ವಾಯುನೆಲೆ ಇದೆ. ಡ್ರೋನ್ ಹಾರಿಸುವವರಿಗಾಗಿ ಸರ್ಕಾರ ಮಾಡಿರುವ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಜಾಗ ಕೆಂಪು ವಲಯದಲ್ಲಿದೆಯಾ, ಅಂದರೆ ಅನುಮತಿ ಇಲ್ಲದೆ ಹಾರಿಸಬಾರದ ಜಾಗವಾ ಅಂತ ಮೊದಲು ನೋಡಿ.)

ತೊಗರಿ ಕೊಯ್ದ ಹೊಲದಲ್ಲಿ ಕೂಳೆ ಉಳಿಯುತ್ತದೆ. ನಾಲ್ಕು ಬೆರಳು ಎತ್ತರ ಇದ್ದರೂ ಒಣಗಿದ ಮೇಲೆ ಮೊಳೆ ಇದ್ದ ಹಾಗೆ. ಇಳಿಸುವಾಗ ಬಾಲ ಅದಕ್ಕೆ ತಾಗಿ ಫೋಮ್ ಕಿತ್ತು ಬರುತ್ತಿತ್ತು. ಬೇಸತ್ತು ಒಂದು ರಾತ್ರಿ ಕೂತು ಬಾಲದ ಅಡಿಗೆ ಪ್ಲೈವುಡ್ ಅಂಟಿಸಿದೆ, ಎರಡು ಕಾರ್ಬನ್ ರಾಡ್ ಕೂರಿಸಿದೆ, ಮೇಲೆ ಫೈಬರ್ ಟೇಪ್ ಸುತ್ತಿದೆ. ಕೈಯಲ್ಲಿ ಹಿಡಿದು ತಿರುಚಿದರೂ ಅಲ್ಲಾಡಲಿಲ್ಲ. ತುಂಬ ಖುಷಿಯಾಗಿತ್ತು.

ತಪ್ಪು ಆಗಿದ್ದು ಇಲ್ಲೇ. ಹಾಕಿದ್ದು ಒಟ್ಟು 35 ಗ್ರಾಂ. 850 ಗ್ರಾಂ ವಿಮಾನಕ್ಕೆ 35 ಗ್ರಾಂ ಯಾವ ಲೆಕ್ಕ ಅಂತ ನಾನೂ ಅಂದುಕೊಂಡೆ. ಆದರೆ ತೂಕ ಎಷ್ಟು ಅನ್ನುವುದಕ್ಕಿಂತ ಅದು ಎಲ್ಲಿ ಕೂತಿದೆ ಅನ್ನುವುದು ಮುಖ್ಯ. ನನ್ನ ವಿಮಾನ ತೂಗಿ ನಿಲ್ಲುವ ಬಿಂದುವಿನಿಂದ ಬಾಲ 60 ಸೆಂ.ಮೀ. ಹಿಂದೆ. ಮೂತಿಯಲ್ಲಿ ಭಾರ ಇಡಲು ಜಾಗ ಇದ್ದದ್ದು ಬರೀ 20 ಸೆಂ.ಮೀ. ಮುಂದೆ. ಅಂದರೆ ಬಾಲದಲ್ಲಿ ಒಂದು ಗ್ರಾಂ ಹಾಕಿದರೆ ಮೂತಿಯಲ್ಲಿ ಮೂರು ಗ್ರಾಂ ಹಾಕಬೇಕು. 35ಕ್ಕೆ 105 ಗ್ರಾಂ! ನಾನು ಒಂದು ಗ್ರಾಂ ಕೂಡ ಹಾಕಲಿಲ್ಲ. ರೆಕ್ಕೆಯ ಅಗಲ, ಅಂದರೆ ಮುಂದಿನ ಅಂಚಿನಿಂದ ಹಿಂದಿನ ಅಂಚಿಗೆ, 20 ಸೆಂ.ಮೀ. ಇಂಥ ಟ್ರೈನರ್ (ಕಲಿಯುವವರ ವಿಮಾನ) ಮುಂದಿನ ಅಂಚಿನಿಂದ 5-6 ಸೆಂ.ಮೀ. ಒಳಗೆ ತೂಗಬೇಕು, ಅಂದರೆ ಅಗಲದ 25ರಿಂದ 30 ಶೇಕಡಾ. ನನ್ನದು ಸುಮಾರು 8 ಸೆಂ.ಮೀ.ಗೆ ಸರಿದಿತ್ತು. ರೆಕ್ಕೆಯಡಿ ಎರಡು ಬೆರಳಿಟ್ಟು ಎತ್ತಿದ್ದರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಎತ್ತಿ ನೋಡಲಿಲ್ಲ.

ಕೈಯಿಂದ ಬಿಟ್ಟ ತಕ್ಷಣ ಮೂತಿ ಮೇಲೆದ್ದಿತು. ರಿಮೋಟಿನ ಕಡ್ಡಿ ಸ್ವಲ್ಪ ಮುಂದೆ ತಳ್ಳಿದೆ, ನೆಲಕ್ಕೆ ಮುಖ ಮಾಡಿತು. ಎಳೆದೆ, ಮತ್ತೆ ಆಕಾಶಕ್ಕೆ. ಮೂರನೇ ಸಲ ವೇಗ ಸತ್ತು, ಎಡ ರೆಕ್ಕೆ ಕುಸಿದು, ಗಿರಗಿರ ಸುತ್ತುತ್ತಾ ಎರೆ ಮಣ್ಣಿಗೆ ಬಿತ್ತು. ಮೋಟಾರಿನ ಶಾಫ್ಟ್ ಬಗ್ಗಿತ್ತು. ಬ್ಯಾಟರಿ ನೆಗ್ಗಿತ್ತು, ಅದನ್ನು ಮತ್ತೆ ಚಾರ್ಜ್ ಮಾಡುವ ಹಾಗಿರಲಿಲ್ಲ. ಬಾಲಕ್ಕೆ ಒಂದು ಗೀರೂ ಇಲ್ಲ.

ಬದುವಿನ ಮೇಲೆ ಕೂತಿದ್ದ ಕಾಕಾ ಹತ್ತಿರ ಬಂದು ಬಾಲ ಎತ್ತಿ ನೋಡಿದರು. "ತಮ್ಮಾ, ಬಂಡ್ಯಾಗ ಹಿಂದ ಭಾರ ಜಾಸ್ತಿ ಹೇರಿದ್ರ ನೊಗ ಮ್ಯಾಲ ಏಳ್ತದ, ಎತ್ತಿನ ಕುತ್ತಿಗಿ ಬಿಗೀತದ. ನಿಂದೂ ಹಂಗೇ ಆಗ್ಯಾದ ನೋಡು." ವಿಮಾನ ಹಾರಿಸದವರು ಒಂದೇ ನೋಟಕ್ಕೆ ಹೇಳಿದರು.

ಆದ್ದರಿಂದ ಬಾಲದ ಹತ್ತಿರ ಹೋಗಲೇಬೇಡಿ. ಅದು ತೀರಾ ಅಲ್ಲಾಡುತ್ತಿದ್ದರೆ ಎರಡು ತೆಳು ಬಿದಿರು ಕಡ್ಡಿಗಳನ್ನು ಓರೆಯಾಗಿ ಕೊಡಿ, ಸಾಕು. ಎಲಿವೇಟರ್‌ಗೆ (ಮೂತಿಯನ್ನು ಮೇಲೆ ಕೆಳಗೆ ಮಾಡುವ ಬಾಲದ ಪಟ್ಟಿ) ಹೋಗುವ ತಂತಿ ಬಾಗುತ್ತಿದ್ದರೆ ನಡುವೆ ಒಂದು ಕಡೆ ಹಿಡಿತ ಕೊಡಿ. ಎಷ್ಟೋ ಸಲ ಬಾಲ ಮೆದು ಅನಿಸುವುದಕ್ಕೆ ಆ ತಂತಿಯೇ ಕಾರಣ.

ಗಟ್ಟಿ ಬೇಕಾದ್ದು ಎರಡೇ ಕಡೆ. ಒಂದು ರೆಕ್ಕೆಯ ನಡುಭಾಗ. ಅಲ್ಲಿ ದಪ್ಪ ಜಾಸ್ತಿ ಇರುವ ಕಡೆ ಉದ್ದಕ್ಕೆ ಕಾರ್ಬನ್ ಪೈಪ್ ಕೂರಿಸಿ. ಟೇಪ್ ಹಚ್ಚುವುದಾದರೆ ರೆಕ್ಕೆಯ ಅಡಿಗೆ ಹಚ್ಚಿ. ಹಾರುವಾಗ ರೆಕ್ಕೆ ಮೇಲಕ್ಕೆ ಬಾಗುತ್ತದೆ, ಅಡಿಭಾಗ ಹಿಗ್ಗುತ್ತದೆ, ಟೇಪ್ ಎಳೆತವನ್ನು ತಡೆಯುತ್ತದೆ. ಮೇಲ್ಭಾಗ ಅದುಮಿಕೊಳ್ಳುತ್ತದೆ, ಅಲ್ಲಿ ಟೇಪ್ ಸುಮ್ನೆ ಭಾರ.

ಇನ್ನೊಂದು ಮೋಟಾರ್ ಕೂರುವ ಪಟ್ಟಿ. ನಿಮ್ಮ ಪ್ಲೈವುಡ್ ಇಲ್ಲಿ ಹಾಕಿ, 3 ಮಿ.ಮೀ. ಸಾಕು, ಎಪಾಕ್ಸಿ ಅಂಟಿನಲ್ಲೇ ಅಂಟಿಸಿ. ಗ್ಲೂ ಗನ್ ಬೇಡ. ನಮ್ಮ ಕಡೆ ಮೇ ತಿಂಗಳಲ್ಲಿ 42 ಡಿಗ್ರಿ ದಾಟುತ್ತದೆ. ಕಾರಿನೊಳಗೆ ಕಿಟಕಿ ಮುಚ್ಚಿ ಇಟ್ಟರೆ ಆ ಅಂಟು ಬೆಲ್ಲದ ಪಾಕದ ಹಾಗೆ ಮೆತ್ತಗಾಗುತ್ತದೆ.

ರೆಕ್ಕೆಯನ್ನು ಮಾತ್ರ ಬೋಲ್ಟ್ ಹಾಕಿ ಬಿಗಿಯಬೇಡಿ, ರಬ್ಬರ್ ಬ್ಯಾಂಡೇ ಇರಲಿ. ಬಿದ್ದಾಗ ಅದು ಕಳಚಿ ಹಾರಿದರೆ ಪೆಟ್ಟು ಅಲ್ಲಿಗೇ ಮುಗಿಯುತ್ತದೆ. ಯಾವುದೋ ಒಂದು ಬಿಟ್ಟುಕೊಡಲೇಬೇಕು ಅಲ್ವಾ? ಹತ್ತು ರೂಪಾಯಿಯ ಬ್ಯಾಂಡ್ ಬಿಟ್ಟುಕೊಡಲಿ.

ಬಾಲ ಮುರಿಯದಿರಲು ನಾನು ಕಂಡುಕೊಂಡ ದಾರಿ ಬೇರೆ. ಈಗ ಹಾರಿಸುವ ಮೊದಲು ಸಲಿಕೆ ತಗೊಂಡು ಹೋಗಿ, ಇಳಿಸುವ ಜಾಗದಲ್ಲಿ ಹತ್ತು ಹೆಜ್ಜೆ ಅಗಲ, ನಲವತ್ತು ಹೆಜ್ಜೆ ಉದ್ದ ಕೂಳೆ ಕೆತ್ತುತ್ತೇನೆ. ಕಾಕಾ ಕೂಡ ಕೈ ಹಚ್ಚುತ್ತಾರೆ. ಈ ವರ್ಷ ಇನ್ನೂ ಬಾಲ ಅಂಟಿಸಿಲ್ಲ.