ಮನೆಯಲ್ಲೇ ಪಾಠ ಹೇಳಿದರೆ ಜರ್ಮನಿಯಲ್ಲಿ ಮಕ್ಕಳನ್ನು ಸರ್ಕಾರ ಕರೆದುಕೊಂಡು ಹೋಗುತ್ತದಾ?

ಹಾಗೆ ಆಗಿದ್ದುಂಟು. ಅಲ್ಲಿ ಮಕ್ಕಳು ಶಾಲೆಗೇ ಹೋಗಬೇಕು, ಮನೆಪಾಠ ಅದಕ್ಕೆ ಬದಲಿ ಅಲ್ಲ. ಡಾರ್ಮ್‌ಸ್ಟಾಟ್ ಕಡೆಯ ಒಂದು ಕುಟುಂಬ ದಂಡ ಬಿದ್ದರೂ ಜಗ್ಗಲಿಲ್ಲ. 2013ರ ಆಗಸ್ಟ್‌ನಲ್ಲಿ ಅಧಿಕಾರಿಗಳು ಪೊಲೀಸರ ಜೊತೆ ಬಂದರು. ಮಕ್ಕಳು ಹೊರಡಲು ಒಪ್ಪದಾಗ ಒಬ್ಬೊಬ್ಬರನ್ನೇ ಎತ್ತಿಕೊಂಡು ಹೋದರು. ನಾಲ್ವರೂ ಸುಮಾರು ಮೂರು ವಾರ ಮಕ್ಕಳ ನಿಲಯದಲ್ಲಿದ್ದರು. ಶಾಲೆಗೆ ಕಳಿಸುತ್ತೇವೆ ಎಂದು ಅಪ್ಪ ಅಮ್ಮ ಒಪ್ಪಿದ ಮೇಲೆ ಮನೆ ಸೇರಿದರು.

ಎಷ್ಟು ಕಲಿತಿದ್ದಾರೆ ಅಂತ ನೋಡಲು ಹೆತ್ತವರು ಬಿಟ್ಟಿರಲಿಲ್ಲ, ಮಕ್ಕಳು ಹೊರಗಿನವರೊಂದಿಗೆ ಬೆರೆಯುತ್ತಿಲ್ಲ ಎಂಬ ಆತಂಕವಿತ್ತು. ಹಾಗಾಗಿ ಸರ್ಕಾರದ ಕ್ರಮ ತಪ್ಪಲ್ಲ ಎಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2019ರಲ್ಲಿ ತೀರ್ಪು ಕೊಟ್ಟಿತು. ಆದರೆ ಆಮೇಲೆ ಪರೀಕ್ಷಿಸಿದಾಗ ಮಕ್ಕಳ ಕಲಿಕೆ ಗಾಬರಿಪಡುವಂತೇನೂ ಇರಲಿಲ್ಲ. ಅದನ್ನು ತಿಳಿಯಲು ಮಕ್ಕಳನ್ನು ಹೀಗೆ ಹೊತ್ತೊಯ್ಯಬೇಕಿತ್ತಾ? ನನಗಂತೂ ಇದು ಜಾಸ್ತಿಯಾಯಿತು ಅನಿಸುತ್ತದೆ.