ಹೆಂಚಿನ ಮನೆ, ಶೀಟಿನ ಕೊಟ್ಟಿಗೆ ಸೋರುತ್ತಿದ್ದರೆ ಹತ್ತುವ ಮೊದಲು ಇದನ್ನು ನೋಡಿ

ಅಣ್ಣ, ಶ್ರೀರಂಗಪಟ್ಟಣದ ಕಡೆಯ ನಿಮ್ಮ ಹಳೇ ಹೆಂಚಿನ ಮನೆ ನಡುಮನೆಯಲ್ಲಿ ಸೋರುತ್ತಿದೆ, ಪಕ್ಕದ ಕೊಟ್ಟಿಗೆಯ ಸಿಮೆಂಟ್ ಶೀಟೂ ಬಿರುಕು ಬಿಟ್ಟಿದೆ, ಭರಣಿ ಮಳೆಗೆ ಮುಂಚೆ ನಾನೇ ಹತ್ತಿ ನೋಡಲಾ ಅಂತ ಕೇಳಿದ್ದೀರಿ. ಹೆಂಚಿನ ಮೇಲೆ ಹತ್ತುವ ಅಗತ್ಯವೇ ಬಹುಶಃ ಬರುವುದಿಲ್ಲ. ಶೀಟಿನ ಮೇಲಂತೂ ಕಾಲಿಡಲೇಬೇಡಿ. ನಿಮ್ಮ ಪ್ರಶ್ನೆಗೆ ಇಲ್ಲೇ ಒಬ್ಬರು ‘ಶೀಟನ್ನು ಮರಕ್ಕೆ ಬಿಗಿದ ಬೋಲ್ಟ್ ಸಾಲಿನ ಮೇಲೆ ನಡೆದರೆ ಏನೂ ಆಗಲ್ಲ’ ಅಂದಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ, ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮೊದಲು ಒಳಗಿನಿಂದ ನೋಡಿ. ಬಿಸಿಲು ನೆತ್ತಿಗೆ ಬಂದಾಗ ಕಿಟಕಿ ಬಾಗಿಲು ಮುಚ್ಚಿ, ಲೈಟ್ ಆರಿಸಿ, ನಡುಮನೆಯಲ್ಲಿ ನಿಂತು ತಲೆ ಎತ್ತಿ. ಹೆಂಚಿನ ಸಂದಿಯಲ್ಲಿ ಗೆರೆಯಂಥ ಬೆಳಕು ಅಲ್ಲಲ್ಲಿ ಇದ್ದೇ ಇರುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ನೆಲದ ಮೇಲೆ ಬಿಸಿಲಿನ ತುಂಡು ಬಿದ್ದಿದ್ದರೆ ಅದರ ಮೇಲಿನ ಹೆಂಚು ಒಡೆದಿದೆ ಇಲ್ಲವೇ ಸರಿದಿದೆ. ನಮ್ಮ ಕಡೆ ಮುಕ್ಕಾಲು ಪಾಲು ಇದು ಕೋತಿಗಳದೇ ಕೆಲಸ.

ನೀರು ತೊಟ್ಟಿಕ್ಕುವ ಕಡೆಯೇ ತೂತು ಇದೆ ಅಂದುಕೊಳ್ಳಬೇಡಿ. ಮೇಲೆಲ್ಲೋ ಒಳಗೆ ಬಂದ ನೀರು ಜಂತೆ ಹಿಡಿದು ಇಳಿದು, ಗಂಟು ಸಿಕ್ಕಿದ ಕಡೆ ತೊಟ್ಟಿಕ್ಕುತ್ತದೆ. ಮರದ ಮೇಲೆ ಕರೆ ಇರುತ್ತದೆ, ಅದನ್ನೇ ಹಿಡಿದು ಮೇಲಕ್ಕೆ ಹುಡುಕಿ, ಸೀಮೆಸುಣ್ಣದಲ್ಲಿ ಗುರುತು ಹಾಕಿ. ಆಗಲೇ ಸ್ಕ್ರೂಡ್ರೈವರ್ ತೆಗೆದುಕೊಂಡು ಜಂತೆ, ರೀಪರ್ (ಹೆಂಚು ಕೂರುವ ಅಡ್ಡ ಮರದ ಪಟ್ಟಿ) ಎರಡನ್ನೂ ಅಲ್ಲಲ್ಲಿ ಕುಟ್ಟಿ ಚುಚ್ಚಿ ನೋಡಿ. ಟೊಳ್ಳು ಸದ್ದು ಬಂದರೆ ಅಥವಾ ತುದಿ ಸಲೀಸಾಗಿ ಒಳಗೆ ಹೋದರೆ ಗೆದ್ದಲು ತಿಂದಿದೆ. ಹೊರಗೆ ರಸ್ತೆಯಲ್ಲಿ ದೂರ ನಿಂತು ಮಾಡಿನ ತುದಿಯ ಗೆರೆಯನ್ನೂ ನೋಡಿ. ನಡುವೆ ಬಗ್ಗಿದ್ದರೆ ಹತ್ತುವ ಮಾತು ಅಲ್ಲಿಗೇ ಬಿಡಿ, ಅದು ಬಡಗಿಯ ಕೆಲಸ.

ಒಡೆದ ಹೆಂಚನ್ನು ಒಳಗಿನಿಂದಲೇ ಬದಲಾಯಿಸಬಹುದು, ಸೀಲಿಂಗ್ ಇಲ್ಲದಿದ್ದರೆ. ಮಂಗಳೂರು ಹೆಂಚಿನ ಹಿಂಭಾಗದಲ್ಲಿ ಎರಡು ಗುಬುಟು ಇರುತ್ತವೆ, ಅವು ರೀಪರ್‌ಗೆ ಸಿಕ್ಕಿಕೊಂಡು ಕೂತಿರುತ್ತವೆ. ಕೆಳಗೆ ಗಟ್ಟಿಯಾದ ಏಣಿ ಹಾಕಿ ನಿಲ್ಲಿ. ಮೇಲಿನ ಸಾಲಿನ ಹೆಂಚನ್ನು ಒಂದು ಕೈಯಲ್ಲಿ ಎರಡು ಬೆರಳಿನಷ್ಟು ಎತ್ತಿ ಹಿಡಿಯಿರಿ. ಪಕ್ಕದ ಹೆಂಚಿನ ಅಂಚು ಮೇಲೆ ಹತ್ತಿದ್ದರೆ ಅದನ್ನೂ ಸ್ವಲ್ಪ ಸರಿಸಿ. ಒಡೆದದ್ದನ್ನು ಮೇಲಕ್ಕೆ ನೂಕಿ ಗುಬುಟು ಬಿಡಿಸಿ, ಓರೆಯಾಗಿ ಒಳಗೆ ಎಳೆದುಕೊಳ್ಳಿ. ಹೊಸದನ್ನು ಅದೇ ದಾರಿಯಲ್ಲಿ ಹೊರಗೆ ತಳ್ಳಿ, ಕೆಳಕ್ಕೆ ಎಳೆದು ಕೂರಿಸಿ. ಗುಬುಟು ಕೂತದ್ದು ಕೈಗೆ ಗೊತ್ತಾಗುತ್ತದೆ. ಕೈಗವಸು ಹಾಕಿಕೊಳ್ಳಿ, ಹೆಂಚಿನ ಸಂದಿಯಲ್ಲಿ ಚೇಳು ಇರುತ್ತದೆ. ಕಣಜದ ಗೂಡು ಕಂಡರೆ ಅವತ್ತು ಕೆಲಸ ಬೇಡ.

ತುದಿಯ ಗೂನು ಹೆಂಚಿನ ಗಾರೆ ಬಿಟ್ಟಿದ್ದರೆ, ಅಥವಾ ಎರಡು ಮಾಡು ಸೇರುವ ಕಡೆ ತಗಡಿನ ದೋಣಿಯಲ್ಲಿ ಎಲೆ ಕಟ್ಟಿಕೊಂಡಿದ್ದರೆ ಹೊರಗಿನಿಂದಲೇ ಹತ್ತಬೇಕಾಗುತ್ತದೆ. ಬೆಳಗ್ಗೆ ಇಬ್ಬನಿ ಆರಿದ ಮೇಲೆ ಹತ್ತಿ. ಪಾಚಿ ಕಟ್ಟಿದ ಹೆಂಚು ಒದ್ದೆಯಾದರೆ ನಿಲ್ಲಲು ಆಗುವುದಿಲ್ಲ. ಆಷಾಢದ ಗಾಳಿಯಲ್ಲಂತೂ ಬೇಡ. 12 ಅಡಿ ಎತ್ತರದ ಸೂರಿಗೆ ಏಣಿಯ ಬುಡ ಗೋಡೆಯಿಂದ 3 ಅಡಿ ದೂರ ಇರಲಿ, ಮೇಲ್ತುದಿ ಸೂರಿಗಿಂತ 3 ಅಡಿ ಜಾಸ್ತಿ ಇರಲಿ. ಮೇಲ್ಗಡೆ ಕಟ್ಟಿ, ಕೆಳಗಡೆ ಒಬ್ಬರು ಹಿಡಿದಿರಲಿ. ಪಂಚೆ, ಹವಾಯಿ ಚಪ್ಪಲಿ ಎರಡೂ ಬೇಡ.

ಮಾಡಿನ ಮೇಲೆ ಹೆಂಚಿಗೆ ನೇರವಾಗಿ ಕಾಲಿಡುವ ಬದಲು, ಕೆಳಗೆ ಗೋಣಿಚೀಲ ಹಾಸಿ ಇನ್ನೊಂದು ಏಣಿ ಮಲಗಿಸಿ. ಅದರ ತುದಿಯನ್ನು ಆಚೆ ಬದಿಗೆ ಹಗ್ಗದಿಂದ ಬಿಗಿದು, ಅದರ ಮೆಟ್ಟಿಲ ಮೇಲೆ ಹೋಗಿ. ಕಾಲಿಡಲೇಬೇಕಾದರೆ ಹೆಂಚಿನ ಕೆಳಭಾಗಕ್ಕೆ, ಅಂದರೆ ಕೆಳಗಿನ ಹೆಂಚಿನ ಮೇಲೆ ಹತ್ತಿ ಕೂತಿರುವ ಕಡೆ ಇಡಿ. ನಡುವಿನ ಹಳ್ಳಕ್ಕೆ ತುಳಿದರೆ ಒಡೆಯುತ್ತದೆ. ಸೊಂಟಕ್ಕೆ ಹಗ್ಗ ಕಟ್ಟುವುದು ಸಾಲದು, ಬಿದ್ದಾಗ ಅದೇ ಹೊಟ್ಟೆ ಹಿಂಡುತ್ತದೆ. ತೊಡೆ, ಭುಜ ಎರಡಕ್ಕೂ ಬರುವ ಸೇಫ್ಟಿ ಬೆಲ್ಟ್ ಬೇಕು. ಹಗ್ಗದ ಇನ್ನೊಂದು ತುದಿಯನ್ನು ಮನೆಯ ಆಚೆ ಬದಿಯ ತೆಂಗಿನ ಮರಕ್ಕೆ ಕಟ್ಟಿ, ಸೂರು ದಾಟಿ ಬೀಳದಷ್ಟೇ ಉದ್ದ ಬಿಡಿ. ಟ್ರ್ಯಾಕ್ಟರ್‌ಗೆ ಕಟ್ಟಿದರೆ ಕೀ ನಿಮ್ಮ ಜೇಬಿನಲ್ಲೇ ಇರಲಿ.

ಕಂಬದಿಂದ ಮನೆಗೆ ಬರುವ ಸರ್ವೀಸ್ ವೈರ್ ಎಲ್ಲಿದೆ ನೋಡಿಕೊಳ್ಳಿ. ಹತ್ತಿರದಲ್ಲಿದ್ದರೆ ಅಲ್ಯೂಮಿನಿಯಂ ಏಣಿ ಮುಟ್ಟಲೇಬೇಡಿ. ವೈರ್ ಸುಲಿದಿದ್ದರೆ 1912ಕ್ಕೆ ಫೋನ್ ಮಾಡಿ, ವಿದ್ಯುತ್ ಕಂಪನಿ ಸೆಸ್ಕ್‌ನವರು ಲೈನ್ ಆಫ್ ಮಾಡಿ ಸರಿಪಡಿಸಲಿ. ಮನೆಯ ಮೇನ್ ಸ್ವಿಚ್ ತೆಗೆದರೆ ಹೊರಗಿನ ಆ ವೈರಿನ ಕರೆಂಟ್ ಹೋಗುವುದಿಲ್ಲ.

ಈಗ ಶೀಟಿನ ವಿಷಯ. ಹೆಂಚು ಒಡೆದರೆ ಕೆಳಗೆ ರೀಪರ್ ಇರುತ್ತದೆ. ಶೀಟು ಒಡೆದರೆ ಕೆಳಗೆ ಕೊಟ್ಟಿಗೆಯ ನೆಲವೇ. ಹಳೇ ಸಿಮೆಂಟ್ ಶೀಟು ಬಗ್ಗುವುದಿಲ್ಲ, ಕಿರ್ ಅನ್ನುವುದಿಲ್ಲ, ಒಂದೇ ಸಲಕ್ಕೆ ಮುರಿಯುತ್ತದೆ. ಬೋಲ್ಟ್ ಸಾಲಿನ ಮೇಲೆ ನಡೆಯುವಾಗ ಒಂದು ಸಲ ಕಾಲು ಜಾರಿದರೆ ಮುಗಿಯಿತು. ಬೋಲ್ಟ್ ಹಾಕಿದ ತೂತಿನ ಸುತ್ತ ತಾನೇ ಬಿರುಕು ಶುರುವಾಗುವುದು? ಕುಂಬಳಬಳ್ಳಿ ಹಬ್ಬಿಸಿದ್ದರೆ ಇನ್ನೂ ಕಷ್ಟ, ಬಿರುಕು ಕಾಣುವುದೇ ಇಲ್ಲ. ಬೆಳಕಿಗೆ ಅಂತ ನಡುವೆ ಹಾಕಿರುವ ಫೈಬರ್ ಶೀಟು ಬಿಸಿಲಿಗೆ ಒಣಗಿ ಹಪ್ಪಳವಾಗಿರುತ್ತದೆ. ಸಣ್ಣ ಬಿರುಕಿಗೆ ಕೆಳಗಿನಿಂದ ಅಟ್ಟಣೆ ಕಟ್ಟಿ, ಅಂಚಿನಿಂದ ಕೈಗೆಟುಕುವಷ್ಟಕ್ಕೆ ಬಿಟುಮೆನ್ ಟೇಪ್ ಹಾಕಿ. ದೊಡ್ಡದಾದರೆ ಆ ಶೀಟನ್ನೇ ಬದಲಾಯಿಸಿ. ಹಳೇ ಶೀಟಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತದೆ, ಗ್ರೈಂಡರ್ ಹಾಕಿ ಕೊಯ್ಯಬೇಡಿ, ಒಣಗಿದ್ದಾಗ ಉಜ್ಜಬೇಡಿ. ನೀರು ಚಿಮುಕಿಸಿ, ಒಳ್ಳೇ ಮಾಸ್ಕ್ ಹಾಕಿ, ಇಡಿಯಾಗಿ ಇಳಿಸಿ.

ಯಾರಾದರೂ ಬಿದ್ದರೆ ಎತ್ತಿ ಆಟೋದಲ್ಲಿ ಕೂರಿಸಬೇಡಿ. ಬೆನ್ನುಮೂಳೆ ಅಲುಗಾಡದ ಹಾಗೆ ಬಿಟ್ಟು 108ಕ್ಕೆ ಫೋನ್ ಮಾಡಿ.

ನಮ್ಮ ಕಡೆ ಮೇ ತಿಂಗಳ ಗಾಳಿಮಳೆ ಒಂದು, ಸೆಪ್ಟೆಂಬರ್-ಅಕ್ಟೋಬರ್‌ನ ಜೋರು ಮಳೆ ಇನ್ನೊಂದು. ಹಾಗಾಗಿ ಯುಗಾದಿ ಕಳೆದ ಮೇಲೊಮ್ಮೆ, ಗೌರಿ ಹಬ್ಬದ ಹೊತ್ತಿಗೊಮ್ಮೆ ಒಳಗಿನಿಂದ ನೋಡಿದರೆ ಸಾಕು.

ಹೆಂಚು ತರಲು ಹೋಗುವಾಗ ಹಳೆಯದೊಂದನ್ನು ಜೊತೆಗೆ ಒಯ್ಯಿರಿ. ಅದರ ಹಿಂದೆ ಕಾರ್ಖಾನೆಯ ಮುದ್ರೆ ಇರುತ್ತದೆ. ಒಂದೊಂದು ಕಾರ್ಖಾನೆಯದು ಒಂದೊಂದು ಅಳತೆ, ಅಂಚಿನ ತೋಡು ಬೇರೆಯಾದರೆ ಕೂರುವುದಿಲ್ಲ. ಹಳೇ ಮನೆ ಕೆಡವಿದ ಕಡೆ ವಿಚಾರಿಸಿ, ಅದೇ ಮುದ್ರೆಯದು ಸಿಕ್ಕರೂ ಸಿಗಬಹುದು. ಕೊಟ್ಟಿಗೆ ಶೀಟಿನ ಕೆಳಗಿನ ಮರ ಹೇಗಿದೆ, ಒಂದು ಫೋಟೋ ಹಾಕಿ. ಶೀಟು ಮಾತ್ರ ಬದಲಾಯಿಸಿದರೆ ಸಾಕಾ, ಮರವೂ ಬೇಕಾ ಅಂತ ಅದನ್ನು ನೋಡಿ ಹೇಳುತ್ತೇನೆ.