ಸಂಗೀತ ಕ್ಲಾಸ್ ಯಾಕೆ ಬಿಟ್ಟೆ ಅಂತ ನನಗೇ ತಿಳಿಯುತ್ತಿಲ್ಲ ಅಂದವರಿಗೆ

ಕೇಳಿಕೊಂಡಾಗಲೆಲ್ಲ ಬೇರೆ ಉತ್ತರ ಬರುತ್ತಿದೆ ಅಂದರೆ, ತೊಡಕಿರುವುದು ಬಹುಶಃ ‘ಯಾಕೆ’ ಅನ್ನುವ ಪ್ರಶ್ನೆಯಲ್ಲೇ. ಎಷ್ಟೋ ಸಲ ಮನಸ್ಸು ಒಳಗೆ ನೋಡಿ ಹೇಳುವುದಿಲ್ಲ, ಒಪ್ಪುವಂಥ ಕಾರಣ ಕಟ್ಟಿಕೊಡುತ್ತದೆ. ಮನಶ್ಶಾಸ್ತ್ರಜ್ಞರಾದ ನಿಸ್ಬೆಟ್ ಮತ್ತು ವಿಲ್ಸನ್ 1977ರಲ್ಲಿ ಬರೆದ ಪ್ರಯೋಗ ನೋಡಿ. ಒಂದೇ ಥರದ ನಾಲ್ಕು ಜೊತೆ ನೈಲಾನ್ ಕಾಲುಚೀಲ ಇಟ್ಟು, ಒಳ್ಳೇದು ಯಾವುದು ಅಂದರು. ಎಡತುದಿಗಿಂತ ಬಲತುದಿಯದನ್ನು ಆರಿಸಿದವರೇ ಜಾಸ್ತಿ. ಆದರೆ ಇಟ್ಟ ಜಾಗದ ಮಾತನ್ನು ಒಬ್ಬರೂ ತಾವಾಗಿ ಎತ್ತಲಿಲ್ಲ!

ಮೊದಲು ಕಾರಣ ಹುಡುಕುವುದು ಬಿಡಿ. ಕ್ಲಾಸ್ ತಪ್ಪಿಸಿದ ದಿನಗಳನ್ನಷ್ಟೇ ಬರೆಯಿರಿ: ಯಾವ ವಾರ, ಎಷ್ಟು ಹೊತ್ತಿಗೆ, ಅದರ ಬದಲು ಏನು ಮಾಡಿದಿರಿ. ಆಮೇಲೆ ಮನೆಯವರನ್ನು ಕೇಳಿ, ನಿಮಗೆ ಕಾಣದ್ದು ಅವರಿಗೆ ಕಂಡಿರಬಹುದು. ನಿಮ್ಮ ವಿಷಯದಲ್ಲಿ ಇದರಿಂದ ಪೂರ್ತಿ ಕಾರಣ ಸಿಗುತ್ತದೆ ಅಂತ ಖಚಿತವಾಗಿ ಹೇಳಲಾರೆ. ಮತ್ತೆ ಸೇರಬೇಕಾ ಅನ್ನುವುದಕ್ಕೆ ಮಾತ್ರ ಮನಸ್ಸು ಕೆದಕಬೇಡಿ, ಸುಮ್ನೆ ಒಂದು ದಿನ ಹೋಗಿ ಕೂತು ಬನ್ನಿ.